ಆರು ಚೌಕದ ಕಳೆ ಕಿತ್ತ ನನ್ನ ಅತ್ತೆಯ ಪರವಾಗಿ

ಕಿರು ಕ್ಷೇತ್ರಾಧ್ಯಯನ ಅನುದಾನ ಸಮಿತಿಯ ಸದಸ್ಯ ಕಾರ್ಯದರ್ಶಿಗಳಿಗೆ,

ಮಾನ್ಯರೇ,

ತಾವು ನನ್ನ ಅರ್ಜಿಯನ್ನು ತಿರಸ್ಕರಿಸಿದ್ದೀರಿ. ಕಾರಣ ನನ್ನ ಅತ್ತೆ. ತಮ್ಮ ಪತ್ರದಲ್ಲಿ ಅವರ ಹೆಸರಿಲ್ಲ, 'ಅಧ್ಯಯನ ಸ್ಥಳದಲ್ಲಿ ಕುಟುಂಬ ಸದಸ್ಯರ ಹಸ್ತಕ್ಷೇಪ' ಎಂದಷ್ಟೇ ಇದೆ. ಆದರೆ ನನ್ನ ಮೂರು ವರ್ಷದ ಕೆಲಸದ ಹತ್ತಿರ ಹತ್ತಿರ ಮೂರನೇ ಒಂದು ಭಾಗವನ್ನು ಒಂದೇ ಮಧ್ಯಾಹ್ನದಲ್ಲಿ ಬೇರುಸಹಿತ ಕಿತ್ತು, ಕಟ್ಟು ಕಟ್ಟಿ ಇಡುವ ಶಕ್ತಿ ನಮ್ಮ ಕುಟುಂಬದಲ್ಲಿ ಅವರೊಬ್ಬರಿಗೇ ಇದೆ. ಹೀಗಾಗಿ ತಾವು ಯಾರನ್ನು ಕುರಿತು ಹೇಳುತ್ತಿದ್ದೀರಿ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ತಕ್ಷಣ ತಿಳಿಯಿತು.

ತಮ್ಮ ಪತ್ರ ಇಂಗ್ಲಿಷಿನಲ್ಲಿತ್ತು. ಒಂದನೆಯ ತರಗತಿಯಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಾನು ಉತ್ತರವನ್ನೂ ಇಂಗ್ಲಿಷಿನಲ್ಲೇ ಬರೆಯಬಹುದಿತ್ತು. ಬರೆಯುತ್ತಿಲ್ಲ. ನನ್ನ ಅತ್ತೆ ಅಕ್ಬರಬಿಯವರಿಗೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ತನ್ನ ಮೇಲಿನ ಆರೋಪವನ್ನು ತಾನೇ ಓದಿಕೊಳ್ಳುವ ಹಕ್ಕು ಕಳ್ಳನಿಗೂ ಇರುತ್ತದೆ. ಈ ಪತ್ರದ ಕನ್ನಡದಲ್ಲಿ ತಪ್ಪುಗಳು ಉಳಿದಿದ್ದರೆ ಅವನ್ನೂ ಕುಟುಂಬದ ಹಸ್ತಕ್ಷೇಪವೆಂದೇ ದಾಖಲಿಸಿಕೊಳ್ಳಿ. ತಿದ್ದಿದವರು ನನ್ನ ಗಂಡ.

'ನನ್ನ ಗಂಡ' ಎಂದು ಬರೆಯಲು ನನಗೆ ಇನ್ನೂ ಎಷ್ಟು ಖುಷಿಯೆಂದರೆ, ಅಗತ್ಯವಿಲ್ಲದ ಕಡೆಯೂ ಬರೆಯುತ್ತೇನೆ. ಇಂದಿಗೆ ನಮ್ಮ ಮದುವೆಯಾಗಿ ನೂರ ಹನ್ನೊಂದು ದಿನ. ಎಣಿಸುವುದು ನನ್ನ ವೃತ್ತಿಯಾದ್ದರಿಂದ ಎಣಿಸಿದ್ದೇನೆ. ಅವರ ಹೆಸರು ಫಿರೋಜ್. ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಮಾರುಕಟ್ಟೆಯ ಹತ್ತಿರ, ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾರೆ. ಮದುವೆಯಾದ ಮೂರನೆಯ ವಾರ ಅವರು ನನಗೆ ಕೊಟ್ಟ ಉಡುಗೊರೆ, ಒಂದು ಹುಲ್ಲಿನ ಬೀಜವನ್ನೂ ತೂಗಬಲ್ಲ ಪುಟ್ಟ ತಕ್ಕಡಿ. ಉಳಿದ ಹೆಂಗಸರಿಗೆ ಬಳೆ, ಸರ ಸಿಗುತ್ತವೆ. ಪಾಪ.

ಈ ಪತ್ರವನ್ನು ಬೇರೆಯವರೂ ಓದುವುದರಿಂದ ವಿಷಯವನ್ನು ಮೊದಲಿನಿಂದ ಹೇಳುತ್ತೇನೆ. ಸಸ್ಯ ಪರಿಸರ ವಿಜ್ಞಾನದಲ್ಲಿ ಈಗಷ್ಟೇ ಕೆಲಸ ಆರಂಭಿಸಿದವರು ಹೊರಗೆ ಹೋಗಿ ಗಿಡ ನೋಡಲೆಂದು ತಮ್ಮ ಕಚೇರಿ ವರ್ಷಕ್ಕೊಮ್ಮೆ ಸಣ್ಣ ಅನುದಾನ ಕೊಡುತ್ತದೆ. ಮೊತ್ತ ಸಣ್ಣದೆಂದು ನನ್ನ ದೂರಲ್ಲ. ನಾನು ನೋಡುವ ಗಿಡಗಳೂ ಸಣ್ಣವೇ. ಕದರಮಂಡಲಗಿ ದಾಟಿದ ಮೇಲೆ ರಸ್ತೆಯಿಂದ ಒಳಗೆ ಒಂದು ಕಲ್ಲುದಿನ್ನೆಯಿದೆ. ದಾಖಲೆಯಲ್ಲಿ ಅದು ಬಂಜರು. ಮಳೆ ಬಿದ್ದ ಮೇಲೆ ಅದೇ ಬಂಜರಿನ ಒಂದು ಚದರ ಮೀಟರಿನಲ್ಲಿ ಹದಿನೆಂಟು ಬಗೆಯ ಹುಲ್ಲು, ಸೊಪ್ಪು, ಬಳ್ಳಿಗಳನ್ನು ನಾನು ಎಣಿಸಿದ್ದೇನೆ. ಪ್ರತಿ ವರ್ಷ ಜೂನ್ ಬಂತೆಂದರೆ ಇಂಥ ದಿನ್ನೆಗಳ ಮೇಲೆ ಯಾರಾದರೂ ಬಂದು ಗುಂಡಿ ತೋಡಿ, ಸಸಿ ನೆಟ್ಟು, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಸಸಿ ಸಾಯುತ್ತದೆ, ಗುಂಡಿ ಉಳಿಯುತ್ತದೆ. ನನ್ನ ಪ್ರಶ್ನೆ ಇಷ್ಟೇ. ಹೀಗೆ ಒಮ್ಮೆ ಕೆದಕಿದ ಜಾಗಕ್ಕೆ ಮೊದಲಿದ್ದ ಹುಲ್ಲೇ ಮರಳಿ ಬರುತ್ತದೆಯೋ, ಅಥವಾ ಕುರಿಗಳು ಮೂಸಿಯೂ ನೋಡದ, ಬಿಳಿ ಹೂವಿನ ಪಾರ್ಥೇನಿಯಂ ಬಂದು ಕೂರುತ್ತದೆಯೋ? ಕುರಿ ಸಾಕಿದವರಿಗೆ ಇದು ಊಟದ ಪ್ರಶ್ನೆ. ನನಗೆ ಪಿಎಚ್.ಡಿ.ಯ ಪ್ರಶ್ನೆ. ತಮಗೆ ಇದು ಒಂದು ಕಡತ ಎಂಬುದನ್ನು ನಾನು ಬಲ್ಲೆ.

ಮೂರು ಮಳೆಗಾಲಗಳಿಂದ ಆ ದಿನ್ನೆಯ ಮೇಲೆ ಇಪ್ಪತ್ತು ಚೌಕಗಳನ್ನು ನೋಡಿಕೊಂಡು ಬಂದಿದ್ದೇನೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ನಾಲ್ಕು ಮೂಲೆಗೆ ಗೂಟ, ಸುತ್ತಲೂ ದಾರ, ತಗಡಿನ ಬಿಲ್ಲೆಯ ಮೇಲೆ ನಂಬರು. ಒಳಗೆ ಯಾರೂ ಕಾಲಿಡಬಾರದು, ಏನನ್ನೂ ಕೀಳಬಾರದು. ಪಕ್ಕದಲ್ಲಿ ಬೋರಲಾಗಿ ಮಲಗಿ ಎಣಿಸುವುದು ನನ್ನ ಕೆಲಸ. ಬೇಲಿ ಇಲ್ಲ. ಬೇಲಿಯ ಬದಲು ಗುಡದಪ್ಪ ಎಂಬ ಕುರಿಗಾರರಿದ್ದಾರೆ. ಒಂದೇ ಒಂದು ಕುರಿಯೂ ದಾರ ದಾಟದಂತೆ ಮೂರು ವರ್ಷ ಅವರು ಕಾದಿದ್ದಾರೆ. ಅವರಿಗೆ ಯಾವ ಸಮಿತಿಯೂ ಏನನ್ನೂ ಮಂಜೂರು ಮಾಡಿಲ್ಲ.

ತಮ್ಮ ಅನುದಾನಕ್ಕೆ ಜನವರಿಯಲ್ಲಿ ಅರ್ಜಿ ಹಾಕಿದೆ. ಜೂನ್ ಒಳಗೆ ನಿರ್ಧಾರ ತಿಳಿಸುವುದಾಗಿ ತಮ್ಮ ಪ್ರಕಟಣೆ ಹೇಳಿತ್ತು. ಜೂನ್‌ನಲ್ಲಿ ಮಳೆ ಬಂತು, ತಾವು ಬರಲಿಲ್ಲ. ಸಂದರ್ಶನ ಆಗಸ್ಟ್ ಕೊನೆಗೆ, ತಿರಸ್ಕಾರ ಹನ್ನೆರಡು ದಿನಗಳ ಹಿಂದೆ. ಜೊತೆಗೊಂದು ಸಲಹೆ: ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬೇಕು, ಮೇ ತಿಂಗಳಲ್ಲಿ ತಜ್ಞರು ಸ್ಥಳ ಪರಿಶೀಲನೆಗೆ ಬರುತ್ತಾರೆ. ಮೇ ತಿಂಗಳಲ್ಲಿ ಸ್ಥಳ ಇರುತ್ತದೆ, ಸರಿ. ಪರಿಶೀಲಿಸಬೇಕಾದದ್ದು ಮಾತ್ರ ಇರುವುದಿಲ್ಲ. ನನ್ನ ಮದುವೆಗೆ ಮೇ ತಿಂಗಳನ್ನು ನಾನೇ ಆರಿಸಿದ್ದು ಅದೇ ಕಾರಣಕ್ಕೆ. ಆಗ ದಿನ್ನೆಯ ಮೇಲೆ ಎಣಿಸಲು ಏನೂ ಇರುವುದಿಲ್ಲ, ಆದ್ದರಿಂದ ಮದುವೆಯಾಗಬಹುದು.

ಇನ್ನು ಹಸ್ತಕ್ಷೇಪದ ವಿಷಯ.

ಆಗಸ್ಟ್ ಮೊದಲ ವಾರ ನಾನು ಎರಡು ದಿನಕ್ಕೆ ಹಾವೇರಿಯ ತವರಿಗೆ ಹೋಗಿದ್ದೆ. ಫಿರೋಜ್ ಬಿಡಿಭಾಗ ತರಲು ರಾಣೇಬೆನ್ನೂರಿಗೆ ಹೊರಟಿದ್ದರು. "ಸೊಸಿ ದಿನಾ ಎಲ್ಲಿ ಹೋಗತಾಳ, ನಾನೂ ನೋಡತೇನಿ" ಎಂದು ಅತ್ತೆ ಬೈಕಿನ ಹಿಂದೆ ಕುಳಿತರು. ಫಿರೋಜ್ ಅವರನ್ನು ದಿನ್ನೆಯ ಹತ್ತಿರ ಇಳಿಸಿ, ಒಂದು ತಾಸಿನಲ್ಲಿ ಬರುವುದಾಗಿ ಹೇಳಿ, ಮೂರು ತಾಸಿಗೆ ಬಂದರು.

ಅತ್ತೆ ಹುಟ್ಟಿದ್ದು ಮೆಣಸಿನಕಾಯಿ ಬೆಳೆಯುವ ಮನೆಯಲ್ಲಿ. ನಲವತ್ತು ವರ್ಷ ಕಳೆ ಕಿತ್ತಿದ್ದಾರೆ, ತೊಟ್ಟು ಬಿಡಿಸಿದ್ದಾರೆ. ಅವರ ಕಣ್ಣಿಗೆ ಏನು ಕಂಡಿರಬಹುದೆಂದು ಯೋಚಿಸಿ. ಅಳತೆ ಮಾಡಿ ದಾರ ಕಟ್ಟಿದ ಮಡಿಗಳು, ಒಂದೊಂದಕ್ಕೂ ನಂಬರು. ನಮ್ಮ ಕಡೆ ಇಷ್ಟು ಅಚ್ಚುಕಟ್ಟಾಗಿ ಮಾಡುವುದು ಮೆಣಸಿನ ಸಸಿ ಮಡಿಯನ್ನೇ. ಆದರೆ ಒಳಗೆ ಸಸಿ ಒಂದೂ ಇಲ್ಲ, ಮೊಣಕಾಲುದ್ದ ಕಸ! ಹೊಸ ಸೊಸೆ ಓದಿದವಳು. ಬಗ್ಗಿ ಕಳೆ ಕೀಳಲು ನಾಚಿಕೊಂಡಿದ್ದಾಳೆ, ಮನೆಯಲ್ಲಿ ಹೇಳಿಕೊಳ್ಳಲೂ ನಾಚಿಕೊಂಡಿದ್ದಾಳೆ. ಅತ್ತೆಯಾದವಳು ಏನು ಮಾಡಬೇಕು? ತಮ್ಮ ಸಮಿತಿ ಆ ಜಾಗದಲ್ಲಿದ್ದರೆ ಸಭೆ ಕರೆಯುತ್ತಿತ್ತು. ಅಕ್ಬರಬಿಯವರು ಸೆರಗು ಸಿಕ್ಕಿಸಿಕೊಂಡು ಕೂತರು.

ಫಿರೋಜ್ ನನಗೆ ಫೋನ್ ಮಾಡಿದರು. ನಮ್ಮ ಮನೆಯಲ್ಲಿ ಉರ್ದು, ಕನ್ನಡ ಎರಡೂ ನಡೆಯುತ್ತವೆ. ಹೊಲ, ಮಳೆ, ಮೆಣಸಿನಕಾಯಿ, ಅನಾಹುತ ಇವಕ್ಕೆ ಕನ್ನಡ.

"ತಬಸ್ಸುಮ್, ಮೊದ್ಲ ಕುಂದ್ರು."

"ಕುಂತೇನಿ. ಏನಾತು?"

"ಅಮ್ಮಾ ನಿನಗ ಸಹಾಯ ಮಾಡ್ಯಾಳ."

ಮರುದಿನ ಬೆಳಗ್ಗೆ ಹೋಗಿ ನೋಡಿದೆ. ದಾರಿಯ ಕಡೆಯಿಂದ ಒಂದರಿಂದ ಆರನೆಯ ಚೌಕದವರೆಗೆ ನೆಲ ನುಣ್ಣಗಿತ್ತು. ಕಿತ್ತ ಹುಲ್ಲನ್ನು ಕಟ್ಟು ಕಟ್ಟಿ ಗುಡದಪ್ಪನವರ ಕುರಿಗೆ ಕೊಟ್ಟಾಗಿತ್ತು. ಮೂರು ವರ್ಷ ಆ ಹುಲ್ಲಿನ ಕಡೆ ನೋಡಬೇಡಿ ಎಂದು ನಾನು ಕುರಿಗಳಿಗೆ ಹೇಳಿದ್ದೆ. ಅವಕ್ಕೆ ಏನನ್ನಿಸಿತೋ. ನಾನು ಗುಡದಪ್ಪನವರನ್ನು ಕೇಳಿದೆ.

"ಕುರಿ ಬಿಡಬ್ಯಾಡ ಅಂದಿದ್ರಿ, ಬಿಡಲಿಲ್ಲರಿ. ದನಾ ಬಿಡಬ್ಯಾಡ ಅಂದಿದ್ರಿ, ಬಿಡಲಿಲ್ಲ. ಅತ್ತೀನ ಬಿಡಬ್ಯಾಡ ಅಂತ ಯಾವತ್ತ ಹೇಳಿದ್ರಿ?"

"ಒಂದ್ ಮಾತರ ಹೇಳಬೇಕಿಲ್ಲ, ಅದನ್ನ ಮುಟ್ಟಬಾರದು ಅಂತ?"

"ಹೇಳಿದ್ನಿರಿ ಅಕ್ಕಾರ. 'ನಮ್ಮ ಸೊಸಿ ಮಡಿ ನಾ ಮುಟ್ಟಬಾರದೇನೋ?' ಅಂದ್ರು. ಅದಕ್ಕ ನಾ ಏನ್ ಹೇಳ್ಲಿ? ನಮ್ಮ ಮನ್ಯಾಗೂ ಅತ್ತಿ ಅದಾಳರಿ."

ಚೌಕದ ಪಕ್ಕ ಕೂತು ಅತ್ತೆ. ತಪ್ಪಾಗಿ ಓದಿಕೊಳ್ಳಬೇಡಿ: ಅತ್ತವಳು ನಾನು. ಸಂಜೆ ಮನೆಗೆ ಹೋದರೆ ಅತ್ತೆಯವರು ಬಾಗಿಲಲ್ಲೇ ಇದ್ದರು, ಬೆರಳ ತುದಿಯಲ್ಲಿ ಇನ್ನೂ ಹಸಿರು ಕಲೆ.

"ಎಷ್ಟ್ ಕಸಾ ಬೆಳೆದಿತ್ತವ್ವಾ! ಆರು ಮಡಿ ಆದವು, ಅಷ್ಟೊತ್ತಿಗೆ ನಿನ್ನ ಗಂಡ ಬಂದು ಚೀರಾಕ ಹತ್ತಿದ, ಹೊತ್ತಾತಂತ ಏನೋ. ಖಾಲಿ ಮಡಿ ನೋಡಾಕಾಗಲಿಲ್ಲ ನನಗ. ಇವತ್ತ ನಸಿಕಿನ್ಯಾಗ ಮೊದಲನೇ ಬಸ್ಸಿಗೆ ಅಲ್ಲೇ ಹೋಗಿ ಎರಡರಾಗ ಸಸಿ ಹಚ್ಚಿ ಬಂದೇನಿ, ನೋಡಿದಿಲ್ಲೋ? ಡಬ್ಬಿ ಕಾಯಿ ಐತಿ, ಬಣ್ಣ ಚಲೋ ಬರತೈತಿ."

ನೋಡಿದ್ದೆ. ಐದು ಮತ್ತು ಆರನೆಯ ಚೌಕಗಳಲ್ಲಿ ಸಾಲಾಗಿ ಮೆಣಸಿನ ಸಸಿಗಳು ನಿಂತಿದ್ದವು.

"ಭಾಳ ಚಲೋ ಆತು ಅಮ್ಮಾ," ಎಂದೆ.

ಇದು ಸುಳ್ಳು. ನನ್ನ ಸಂಶೋಧನೆಗೆ ಸಂಬಂಧಪಟ್ಟಂತೆ ನಾನು ಹೇಳಿದ ಏಕೈಕ ಸುಳ್ಳು, ಅದನ್ನು ಮನೆಯಲ್ಲಿ ಹೇಳಿದೆ. ನಿಜವನ್ನು ತಮಗೆ ಹೇಳಿದೆ. ಮೊದಲನೆಯದರಿಂದ ಮನೆಯಲ್ಲಿ ಎಲ್ಲರೂ ಸುಖವಾಗಿದ್ದರು. ಎರಡನೆಯದರ ಫಲ ತಮಗೆ ಗೊತ್ತೇ ಇದೆ.

ತಮಗೆ ಬರೆಯುವ ಮೊದಲು ಅನುಭವಸ್ಥರೊಬ್ಬರನ್ನು ವಿಚಾರಿಸಿದ್ದೆ. "ಚೌಕ ಹದಿನಾಲ್ಕು ಅಂತ ಬರೀರಿ. ಇಪ್ಪತ್ತಿದ್ದವು ಅಂತ ಯಾರಿಗೆ ಗೊತ್ತು?" ಎಂದರು. ಕೆಟ್ಟವರಲ್ಲ. ಬಯಲಿನಲ್ಲಿ ಕೆಲಸ ಮಾಡುವ ಎಲ್ಲರ ಚೌಕಕ್ಕೂ ಎಂದಾದರೂ ಯಾರಾದರೂ ನುಗ್ಗಿರುತ್ತಾರೆ. ಎಮ್ಮೆ, ಗುತ್ತಿಗೆದಾರ, ಕ್ರಿಕೆಟ್ ಚೆಂಡು ಹುಡುಕುವವರು. ವರದಿಗಳಲ್ಲಿ ಮಾತ್ರ ಎಮ್ಮೆಗಳು ಕಾಣುವುದಿಲ್ಲ. ನಾನು ಒಂದೂವರೆ ಪುಟದ ಟಿಪ್ಪಣಿ ಬರೆದು ಸಂದರ್ಶನಕ್ಕೆ ಮುಂಚೆಯೇ ತಮಗೆ ಕಳಿಸಿದೆ. ಆರು ಚೌಕ, ದಿನಾಂಕ, ಕಿತ್ತ ಆಳ, ಕಿತ್ತವರು. ಚೀಟಿ ಎತ್ತಿ ಆರಿಸಿದ ಚೌಕಗಳಲ್ಲ, ದಾರಿಗೆ ಹತ್ತಿರವಿದ್ದವು, ಇದೊಂದು ದೋಷ ಎಂದೂ ಬರೆದೆ. ಮೆಣಸಿನಕಾಯಿಯ ಎರಡು ಚೌಕಗಳನ್ನು ಲೆಕ್ಕದಿಂದ ಬಿಟ್ಟಿದ್ದೇನೆ ಎಂದೂ ಬರೆದೆ. (ಅವುಗಳಲ್ಲಿ ಬೆಳೆ ಚೆನ್ನಾಗಿದೆ.)

ಏಕೆ ಬರೆದೆ? ಏಪ್ರಿಲ್‌ನಲ್ಲಿ ತಮ್ಮ ತಜ್ಞರೇ ನನ್ನ ಅರ್ಜಿಯ ಮೇಲೊಂದು ಆಕ್ಷೇಪ ಎತ್ತಿದ್ದರು. 'ಕೆಲವು ಚೌಕಗಳನ್ನು ತೆರವುಗೊಳಿಸಿ, ಉಳಿದವುಗಳೊಂದಿಗೆ ಹೋಲಿಸುವ ಯೋಜನೆ ಅರ್ಜಿದಾರರಲ್ಲಿಲ್ಲ.' ನ್ಯಾಯವಾದ ಮಾತು. ನನಗೆ ಕೀಳಲು ಧೈರ್ಯವಿರಲಿಲ್ಲ. ಮೂರು ವರ್ಷ ನೋಡಿದ ಹುಲ್ಲು, ಒಂದೊಂದರ ಪರಿಚಯವಿತ್ತು. ಆಗಸ್ಟ್‌ನಲ್ಲಿ ಅತ್ತೆ ಆ ಕೊರತೆಯನ್ನು ಪೂರ್ಣವಾಗಿ ನೀಗಿಸಿದರು. ಅನುದಾನಕ್ಕೆ ಕಾಯಲಿಲ್ಲ. ಹಾಗಾದರೆ, ಮಾನ್ಯರೇ, ತಜ್ಞರು ಹೇಳಿ ಕಿತ್ತರೆ ಪ್ರಯೋಗ, ಅಕ್ಬರಬಿ ಹೇಳದೆ ಕಿತ್ತರೆ ಹಸ್ತಕ್ಷೇಪವೇ? ನೆಲದೊಳಗಿನ ಬೀಜಕ್ಕೆ ಯಾರು ಕಿತ್ತರೆಂದು ಹೇಗೆ ತಿಳಿಯಬೇಕು?

ಸಂದರ್ಶನದಲ್ಲಿ ಐವರು ಕೂತಿದ್ದಿರಿ. ನನಗೆ ಹತ್ತು ನಿಮಿಷ. ಟಿಪ್ಪಣಿ ಓದಿದವರು ಇಬ್ಬರು ನಕ್ಕರು. ಅದರಲ್ಲಿ ತಪ್ಪಿಲ್ಲ, ನಾನೂ ಮೂರನೆಯ ದಿನ ನಕ್ಕಿದ್ದೆ. ಆಮೇಲೆ ತಾವು ನನ್ನ ವಿಳಾಸ ಬದಲಾದದ್ದನ್ನು ಗಮನಿಸಿ ಕೇಳಿದಿರಿ: "ಹೊಸದಾಗಿ ಮದುವೆ ಆಗಿದೆ. ಕೆಲಸ ಮುಂದುವರಿಸ್ತೀರಾ, ಮನೇಲಿ ಒಪ್ತಾರಾ?" ಮನೆಯಲ್ಲಿ ಎಷ್ಟರಮಟ್ಟಿಗೆ ಒಪ್ಪಿದ್ದಾರೆಂಬ ವಿವರ ಒಂದೂವರೆ ಪುಟದಷ್ಟು ತಮ್ಮ ಕೈಯಲ್ಲೇ ಇತ್ತು. ನನಗಿಂತ ಮುಂಚೆ ಸಂದರ್ಶನ ಮುಗಿಸಿ ಬಂದ ಹುಡುಗನಿಗೂ ಹೊಸದಾಗಿ ಮದುವೆಯಾಗಿತ್ತು. ಕಾರಿಡಾರಿನಲ್ಲಿ ಫೋಟೋ ತೋರಿಸಿದ. ಅವನನ್ನು ತಾವು ಕೇಳಿದ್ದು ಮಣ್ಣಿನ ತೇವಾಂಶದ ಬಗ್ಗೆ.

ಹತ್ತು ನಿಮಿಷದಲ್ಲಿ ಒಬ್ಬರೂ ಕೇಳದೆ ಉಳಿದ ಪ್ರಶ್ನೆ ಒಂದಿತ್ತು. ಅದಕ್ಕೆ ಬರುತ್ತೇನೆ.

ತಮ್ಮ ಪತ್ರ ಬಂದ ದಿನ ನಾನು ಕಾಲೇಜಿನಲ್ಲಿದ್ದೆ. ಹಾವೇರಿಯಲ್ಲಿ ಅತಿಥಿ ಉಪನ್ಯಾಸಕಿ ನಾನು. ಸಂಜೆ ಮನೆಗೆ ಬಂದಾಗ ಫಿರೋಜ್ ಅದನ್ನು ತೆರೆದು ಓದಿ ಮುಗಿಸಿದ್ದರು. ಅತ್ತೆ ಎದುರಿಗೆ ಕೂತಿದ್ದರು.

"ಏನ್ ಬರದಾರ?"

"ಕೊಡಂಗಿಲ್ಲಂತ," ಎಂದರು ಫಿರೋಜ್.

"ಯಾಕಂತ?"

ಫಿರೋಜ್ ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ. ನನ್ನ ಗಂಡನಲ್ಲಿ ಯಾವ ದೋಷವೂ ಇಲ್ಲ, ಸುಳ್ಳು ಹೇಳಲು ಬಾರದು ಎಂಬುದೊಂದನ್ನು ಬಿಟ್ಟರೆ. ಪತ್ರದಲ್ಲಿದ್ದದ್ದನ್ನು ಇದ್ದ ಹಾಗೆ ಕನ್ನಡದಲ್ಲಿ ಹೇಳಿದರು. ಅತ್ತೆ ನನ್ನ ಕಡೆ ತಿರುಗಿದರು.

"ಅವತ್ತ ಚಲೋ ಆತು ಅಂದಿದ್ದೆಲ್ಲಾ?"

"ಅಂದಿದ್ನಿ ಅಮ್ಮಾ."

"ಖರೇ ಹೇಳಿದ್ರ ನಾ ಏನ್ ನಿನ್ನ ನುಂಗತಿದ್ನೇನು?"

ಆಮೇಲೆ ಎರಡು ದಿನ ಅವರು ನನ್ನ ಯಾವ ವಸ್ತುವನ್ನೂ ಮುಟ್ಟಲಿಲ್ಲ. ಮಳೆ ಬಂತು, ಹಗ್ಗದ ಮೇಲಿದ್ದ ಅವರ ಬಟ್ಟೆ, ಫಿರೋಜರ ಬಟ್ಟೆ ಒಳಗೆ ಬಂದವು, ನನ್ನವು ತೊಯ್ದವು. "ನಿನ್ನ ಸಾಮಾನು, ಮುಟ್ಟಬಾರದೋ ಏನೋ" ಎಂದರು. ಸಿಟ್ಟಿನಿಂದ ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ. ಅವರು ನಿಜವಾಗಿಯೂ ಅನುಮಾನದಿಂದ ಹೇಳಿದರು. ಹಸ್ತಕ್ಷೇಪ ಎಂಬ ಪದವನ್ನು ತಮ್ಮ ಕಚೇರಿಯಲ್ಲಿ ದಿನಕ್ಕೆ ಎಷ್ಟು ಬಾರಿ ಬಳಸುತ್ತೀರೋ ನಾನರಿಯೆ. ನಮ್ಮ ಮನೆಯಲ್ಲಿ ಒಂದೇ ಬಾರಿ ಬಳಸಿದ್ದು ಸಾಕಾಯಿತು.

ಮೂರನೆಯ ದಿನ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು:

"ಆ ಆರು ಮಡ್ಯಾಗ ಈಗ ಏನ್ ಹುಟ್ಟೈತಿ?"

ಮಾನ್ಯರೇ, ಐವರ ಸಮಿತಿ ಕೇಳದೆ ಬಿಟ್ಟ ಪ್ರಶ್ನೆ ಇದು. ನನ್ನ ಇಡೀ ಅರ್ಜಿ ಇದೊಂದೇ ಪ್ರಶ್ನೆ.

ಆ ಭಾನುವಾರ ಮೂವರೂ ದಿನ್ನೆಗೆ ಹೋದೆವು. ಅತ್ತೆ ದಾರದ ಹೊರಗೆ ಕುಕ್ಕರುಗಾಲಲ್ಲಿ ಕೂತರು. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದರು, ಅವು ತಾವಾಗಿಯೇ ಚೌಕದೊಳಗೆ ಓಡಿ ಹೋಗದಂತೆ. ನನಗೆ ಕಂಡದ್ದು ಬೆರಳ ಉಗುರಿನಷ್ಟು ಎತ್ತರದ ಹಸಿರು ಚುಕ್ಕೆಗಳು, ಎಲ್ಲವೂ ಒಂದೇ ಥರ. ನನ್ನ ಪುಸ್ತಕಗಳಲ್ಲಿ ಹೂವಿನ ಚಿತ್ರಗಳಿವೆ. ಹೂ ಬಿಡುವ ತನಕ ಅವು ಏನೂ ಹೇಳುವುದಿಲ್ಲ.

"ಇದು ಕ‌ರಡ," ಎಂದರು ಅತ್ತೆ, ಗದ್ದದಿಂದ ತೋರಿಸುತ್ತ. "ಇದೂ ಕರಡ. ಇದು ಹಂಚಿ, ಕಸಬರಗಿ ಮಾಡತಾರಲ್ಲಾ ಅದು. ಇದು ಕರಿಕಿ, ಬೀಜದಿಂದ ಬಂದದ್ದಲ್ಲ, ಬೇರು ಉಳದಿತ್ತು, ಅವತ್ತ ಅವಸರದಾಗ ಬಿಟ್ಟೇನಿ. ಇದು ಆ ಬಿಳೇ ಹೂವಿನ ದರಿದ್ರದ್ದು, ಇದನ್ನ ಈಗಽ..." ಒಂದು ಕೈ ಸೆರಗಿನಿಂದ ಅರ್ಧ ಹೊರಗೆ ಬಂತು. ಫಿರೋಜ್ "ಅಮ್ಮಾ!" ಎಂದರು. ಕೈ ಒಳಗೆ ಹೋಯಿತು. "ಕೀಳೂದಿಲ್ಲ ತಗೋಪಾ, ಹೇಳಾಕತ್ತೇನಿ ಅಷ್ಟ."

"ಅಮ್ಮಾ, ಎರಡೆಲಿ ಇದ್ದಾಗ ಹೆಂಗ ಗೊತ್ತಾಗತೈತಿ ನಿಮಗ?"

"ಎರಡೆಲಿ ಇದ್ದಾಗ ಗೊತ್ತಾಗಲಿಲ್ಲಂದ್ರ ಕಸಾ ಕೀಳೂದರ ಯಾವಾಗ? ಹೂ ಬಿಟ್ಟಮ್ಯಾಲೆ ಕಿತ್ರ ಬೆಳಿ ಯಾರ ತಿಂತಾರ?"

ಬೆಳೆಯ ಸಸಿ ಯಾವುದು, ಕಳೆ ಯಾವುದು ಎಂದು ಎರಡೆಲೆಯಲ್ಲೇ ಗುರುತಿಸದಿದ್ದರೆ ಹೊಲ ಉಳಿಯುವುದಿಲ್ಲ. ನಲವತ್ತು ವರ್ಷ ಮಾಡಿದ್ದು ಅದನ್ನೇ. ನಾನು ಮಾತನ್ನು ಹಾಗೆಯೇ ನಂಬಲಿಲ್ಲ. ಚೌಕಗಳ ಹೊರಗಿನ ಹತ್ತು ಸಸಿಗಳಿಗೆ ಅವರಿಂದ ಹೆಸರು ಹೇಳಿಸಿ, ಕಿತ್ತು, ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದಡಿ ನೋಡಿದೆ. ಹತ್ತಕ್ಕೆ ಹತ್ತೂ ಸರಿ. ನನಗೆ ಅದಕ್ಕೆ ಎರಡು ದಿನ ಹಿಡಿಯಿತು. ಅವರಿಗೆ ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು.

ಆ ಭಾನುವಾರದ ಲೆಕ್ಕ ಹೀಗಿದೆ. ಮೊದಲ ನಾಲ್ಕು ಚೌಕಗಳಲ್ಲಿ ಒಟ್ಟು ನೂರ ಮೂವತ್ತೊಂದು ಸಸಿಗಳು. ನೂರ ಎರಡು ದಿನ್ನೆಯ ಹಳೆಯ ಹುಲ್ಲು, ಸೊಪ್ಪುಗಳೇ. ಇಪ್ಪತ್ತೊಂಬತ್ತು ಪಾರ್ಥೇನಿಯಂ. ಯಾರು ಗೆಲ್ಲುತ್ತಾರೆ? ಗೊತ್ತಿಲ್ಲ. ಪಾರ್ಥೇನಿಯಂ ಕಡಿಮೆಯಿದ್ದರೂ ಬೇಗ ಬೆಳೆಯುತ್ತದೆ. ಮುಂದಿನ ಆರು ವಾರ, ವಾರಕ್ಕೊಮ್ಮೆ, ಪ್ರತಿ ಸಸಿಯನ್ನೂ ನೋಡಿದರೆ ಉತ್ತರ ಸಿಗುತ್ತದೆ. ಇಪ್ಪತ್ತೂ ಚೌಕ ಮುಗಿಸಲು ಒಂದು ಭಾನುವಾರ ಸಾಲದು, ಎರಡು ದಿನ ಬೇಕು. ಕಾಲೇಜು ವಾರಕ್ಕೊಂದು ದಿನ ಬಿಡುವು ಕೊಡಲು ಸಿದ್ಧವಿದೆ, ಮಂಜೂರಾತಿ ಪತ್ರವಿದ್ದರೆ ಮಾತ್ರ. ಆರು ವಾರ ತಪ್ಪಿದರೆ ಈ ವರ್ಷದ್ದು ಹೋಯಿತು. ಮುಂದಿನ ವರ್ಷ ಬೇರೆ ಚೌಕ ಕೀಳಿಸಬಹುದಲ್ಲ ಎನ್ನುತ್ತೀರೇನೋ. ಕೀಳಿಸಬಹುದು. ಅಕ್ಬರಬಿಯವರು ಒಪ್ಪುವುದಿಲ್ಲ, ಕೇಳಿದ್ದೇನೆ. "ಸಾಯಲಿ, ಇನ್ನ ಮುಟ್ಟಂಗಿಲ್ಲ" ಎಂದಿದ್ದಾರೆ.

ಆದ್ದರಿಂದ ನನ್ನ ಬೇಡಿಕೆ. ತಮ್ಮ ಪತ್ರದಿಂದ ಆ ಒಂದು ವಾಕ್ಯವನ್ನು ತೆಗೆದುಹಾಕಿ, ಮೊದಲ ನಾಲ್ಕು ಚೌಕಗಳನ್ನು 'ತೆರವುಗೊಳಿಸಿದ ಚೌಕಗಳು' ಎಂದು ದಾಖಲಿಸಿ, ಅರ್ಜಿಯನ್ನು ಈ ತಿಂಗಳೊಳಗೆ ಮತ್ತೆ ಕೈಗೆತ್ತಿಕೊಳ್ಳಿ. ಪರಿಶೀಲನೆ ಬೇಕೆಂದರೆ ಮೇ ತಿಂಗಳಿಗೆ ಕಾಯದೆ ಬರುವ ಭಾನುವಾರವೇ ತಜ್ಞರನ್ನು ಕಳುಹಿಸಿ. ಬೋರಲಾಗಿ ಮಲಗಲು ಹಳೆಯ ಚಾದರ ನಮ್ಮಲ್ಲಿದೆ, ಊಟ ನಮ್ಮ ಮನೆಯಲ್ಲಿ. ಮದುವೆಯ ಬಗ್ಗೆ ಕೇಳಲೇಬೇಕೆಂದಿದ್ದರೆ ಎಲ್ಲ ಅರ್ಜಿದಾರರನ್ನೂ ಕೇಳಿ. ನನ್ನನ್ನು ಕೇಳಿದರೆ ಮಾತ್ರ ಹತ್ತು ನಿಮಿಷ ಸಾಲುವುದಿಲ್ಲ.

ಇನ್ನೊಂದು. ತಮ್ಮ ನಮೂನೆಯ ಹನ್ನೊಂದನೆಯ ಕಾಲಮ್ಮಿನಲ್ಲಿ ಕ್ಷೇತ್ರ ಸಹಾಯಕರ ಹೆಸರು ಕೇಳಿದ್ದೀರಿ. ನಾನು ಖಾಲಿ ಬಿಟ್ಟಿದ್ದೆ. ಅಲ್ಲಿ ಅಕ್ಬರಬಿ ಎಂದು ತುಂಬಿಕೊಳ್ಳಿ. ವಿದ್ಯಾರ್ಹತೆ: ಕನ್ನಡ ನಾಲ್ಕನೆಯ ತರಗತಿ. ವಿಶೇಷ ಪರಿಣತಿ: ಎರಡೆಲೆಯ ಸಸಿಗಳು. ಅರ್ಜಿದಾರರಿಗೂ ಸಹಾಯಕರಿಗೂ ರಕ್ತಸಂಬಂಧ ಇರಬಾರದೆಂಬ ನಿಯಮ ಓದಿದ್ದೇನೆ. ರಕ್ತಸಂಬಂಧ ಇಲ್ಲ. ನೂರ ಹನ್ನೊಂದು ದಿನದ ಪರಿಚಯವಷ್ಟೇ, ಅದರಲ್ಲಿ ಎರಡು ದಿನ ಮಾತು ಅಷ್ಟಕ್ಕಷ್ಟೇ.

ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ಅತ್ತೆಗೆ ಕೊಟ್ಟೆ. ನಿಧಾನವಾಗಿ, ತುಟಿ ಆಡಿಸುತ್ತ, ಪೂರ್ತಿ ಓದಿದರು. ಮಡಚಿ ಕೊಡುತ್ತ, "ಎಲ್ಲಾ ಖರೇ ಬರದೀದಿ. ಒಂದು ಬಿಟ್ಟಿ," ಎಂದರು.

"ಏನಮ್ಮಾ?"

"ಕೊಡ್ಲಿ ಬಿಡ್ಲಿ, ಭಾನುವಾರ ನಾವ್ ಹೋಗತೇವಿ ಅಂತ ಬರಿ."

ಬರೆದಿದ್ದೇನೆ.

ಇಂತಿ,
ತಮ್ಮ ಕಡತದಲ್ಲಿ ತಿರಸ್ಕೃತಳೂ, ತನ್ನ ಮನೆಯಲ್ಲಿ ಮಂಜೂರಾದವಳೂ ಆದ
ತಬಸ್ಸುಮ್
ಬ್ಯಾಡಗಿ